ಬಾಲಿ ಪ್ಯಾಕೇಜ್: ಬೆಳಗ್ಗೆಯೇ ಕಾಫಿ ತೋಟ ಎಂದಿದ್ದರೆ ಒಪ್ಪಬೇಡಿ

ಬದಿಯಡ್ಕ, ಪೆರ್ಲ ಕಡೆಯಿಂದ ಬಾಲಿಗೆ ಹೋಗಿ ಬಂದ ತಂಡವೊಂದಕ್ಕೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇನ್ನು ಹೊರಡುವವರು ದಯವಿಟ್ಟು ಓದಿ. ತಂಡದಲ್ಲಿದ್ದದ್ದು ಅಡಿಕೆ ಕೃಷಿಕರ ಕುಟುಂಬಗಳು, ಅರುವತ್ತು ದಾಟಿದವರೂ ಇದ್ದರು. ಒಂದು ದಿನದ ಪಟ್ಟಿಯಲ್ಲಿ ‘ಜ್ವಾಲಾಮುಖಿ, ಜಲಪಾತ, ಕಾಫಿ ತೋಟ’ ಎಂದಿತ್ತು. ಕರೆದುಕೊಂಡು ಹೋದದ್ದು ಮೂರಕ್ಕೂ ಹೌದು. ಆದರೆ ಜ್ವಾಲಾಮುಖಿಯ ಜಾಗದಲ್ಲಿ ಕಂಡದ್ದು ಬರೇ ಮಂಜು, ಜಲಪಾತಕ್ಕೆ ಮುಟ್ಟುವಾಗ ಮುಸ್ಸಂಜೆ. ಕಾಫಿ ತೋಟದಲ್ಲಿ ಮಾತ್ರ ಬೆಳಗಿನ ಹೊತ್ತು ಪೂರಾ ಕಳೆಯಿತು.

ಹವೆ ಕೈಕೊಟ್ಟಿತು ಎಂದು ಏಜೆಂಟರು ಹೇಳಿದರು. ನಿಜವಾದ ಕಾರಣ ಜಾಗಗಳಿಗೆ ಕರೆದುಕೊಂಡು ಹೋದ ಸರದಿ. ಬಾತೂರ್ ಬೆಟ್ಟ 1,717 ಮೀಟರ್ ಎತ್ತರದ ಜೀವಂತ ಜ್ವಾಲಾಮುಖಿ. ಅದನ್ನು ನೋಡುವುದು ಕಿಂತಾಮಣಿಯ ಪೆನೆಲೋಕನ್ ಎಂಬಲ್ಲಿ, ಹಳೆಯ ದೊಡ್ಡ ಕುಳಿಯ ಅಂಚಿನಲ್ಲಿ ನಿಂತು. ಎದುರಿಗೆ ಬೆಟ್ಟ, ಅದರ ಬುಡದಲ್ಲಿ 1963ರ ಸ್ಫೋಟದಲ್ಲಿ ಹರಿದ ಲಾವಾ ಕಪ್ಪಾಗಿ ಹೆಪ್ಪುಗಟ್ಟಿ ಬಿದ್ದಿದೆ, ಪಕ್ಕದಲ್ಲಿ ಸರೋವರ. ಬಿಸಿಲೇರಿದ ಹಾಗೆ ಮೋಡ ಕುಳಿಯೊಳಗೆ ತುಂಬುತ್ತದೆ. ಮಧ್ಯಾಹ್ನದ ಬುಫೆಯ ಹೊತ್ತಿಗೆ ಹೋದರೆ ಹೆಚ್ಚಿನ ದಿನಗಳಲ್ಲಿ ಏನೂ ಕಾಣುವುದಿಲ್ಲ. ಕುಟಾ ಕಡೆ ಉಳಿದುಕೊಂಡರೆ ಅಲ್ಲಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಆರು ಗಂಟೆಗೆ ಮೊದಲೇ ಹೊರಟು, ಒಂಬತ್ತರೊಳಗೆ ಮುಟ್ಟಬೇಕು. ಲಾವಾದ ಮೇಲೆ ಜೀಪಿನಲ್ಲಿ ಹೋಗುವುದಿದ್ದರೆ ಬಾಡಿಗೆ ತಲೆಗೋ ಜೀಪಿಗೋ ಎಂದು ಹತ್ತುವ ಮೊದಲೇ ಕೇಳಿ.

ಇನ್ನು ಕಾಫಿ ತೋಟ. ಉಬುದ್, ತೆಗಲಾಲಂಗ್ ರಸ್ತೆಯ ಬದಿಯಲ್ಲಿರುವ ಇಂಥ ಹೆಚ್ಚಿನವು ತೋಟವಲ್ಲ, ಮುಂದೆ ನಾಲ್ಕು ಗಿಡ ನೆಟ್ಟ ಅಂಗಡಿ. ಮಾರಾಟದಲ್ಲಿ ಡ್ರೈವರಿಗೆ ಪಾಲು ಸಿಗುವುದು ಅಲ್ಲಿ ಮಾಮೂಲು, ಹಾಗಾಗಿಯೇ ಅದು ಸರದಿಯಲ್ಲಿ ಮುಂದೆ ಬರುತ್ತದೆ. ಕೊಕ್ಕೋ, ಒಳ್ಳೆಮೆಣಸಿನ ಬಳ್ಳಿ, ದಾಲ್ಚಿನ್ನಿ ತೋರಿಸುತ್ತಾರೆ. ನಮ್ಮವರ ಅಂಗಳದಲ್ಲೇ ಇರುವವು. ಆಮೇಲೆ ಹಲಗೆಯ ಮೇಲೆ ಸಣ್ಣ ಸಣ್ಣ ಗ್ಲಾಸುಗಳ ಸಾಲು: ಶುಂಠಿ ಚಹಾ, ನಿಂಬೆಹುಲ್ಲಿನ ಚಹಾ, ತೆಂಗಿನಕಾಯಿ ಕಾಫಿ. ಇಷ್ಟು ಪುಕ್ಕಟೆ. ಹೆಚ್ಚಿನವು ಸಕ್ಕರೆ ಬೆರೆಸಿದ ಪುಡಿ. ಲುವಾಕ್ ಕಾಫಿಗೆ ಮಾತ್ರ ಬೇರೆ ದುಡ್ಡು, ಕಪ್ಪಿಗೆ ಸಾಮಾನ್ಯವಾಗಿ ಇಂಡೊನೇಷ್ಯಾದ 50,000 ರುಪಿಯಾ. ಎರಡು ಸೊನ್ನೆ ತೆಗೆದು ಅರ್ಧ ಮಾಡಿದರೆ ನಮ್ಮ ರೂಪಾಯಿ ಲೆಕ್ಕ ಹೆಚ್ಚುಕಡಿಮೆ ಸಿಗುತ್ತದೆ, ಇನ್ನೂರೈವತ್ತರ ಮೇಲೆಯೇ. ಕಡೆಗೆ ಹೊರಗೆ ಹೋಗುವ ದಾರಿ ಮಾರಾಟದ ಕೋಣೆಯೊಳಗಿಂದಲೇ.

ಲುವಾಕ್ ಎಂದರೆ ನಮ್ಮಲ್ಲೂ ಇರುವ ಮರಪಟ್ಟಿ, ಪುನುಗು ಬೆಕ್ಕಿನ ಜಾತಿ. ರಾತ್ರಿ ತಿರುಗುವ ಪ್ರಾಣಿ. ಅದು ಕಾಫಿ ಹಣ್ಣು ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜದಿಂದ ಮಾಡುವುದೇ ಲುವಾಕ್ ಕಾಫಿ. ಕಾಡಿನಲ್ಲಿ ತಾನೇ ಆರಿಸಿ ತಿಂದ ಹಣ್ಣಿನ ಬೀಜವೆಂದು ಹೇಳಿ ಮಾರುತ್ತಾರೆ, ಆದರೆ ಹಗಲಿಡೀ ತಂತಿಯ ಗೂಡಿನಲ್ಲಿ ಇಟ್ಟು ಜನರಿಗೆ ತೋರಿಸುತ್ತಾರೆ. ಗೂಡಿನಲ್ಲಿಟ್ಟು ಕಾಫಿ ಹಣ್ಣನ್ನೇ ತಿನ್ನಿಸುವ ಈ ಹಿಂಸೆಗೆ ದುಡ್ಡು ಕೊಡಬೇಡಿ. ಒಳ್ಳೆಯ ಕಾಫಿ ಬೇಕಾದರೆ ಕಿಂತಾಮಣಿ ಅರೇಬಿಕಾ ಕೇಳಿ. 2008ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು. ಎತ್ತರದ ಜ್ವಾಲಾಮುಖಿ ಮಣ್ಣಿನಲ್ಲಿ ಕಿತ್ತಳೆ ಗಿಡಗಳ ನಡುವೆ ಬೆಳೆಯುತ್ತಾರೆ.

ತೆಗೆನುಂಗನ್ ಜಲಪಾತಕ್ಕೆ ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು ಇಳಿದು ಅಷ್ಟನ್ನೇ ಹತ್ತಬೇಕು. ಗಂಟುನೋವಿನ ಹಿರಿಯರು ಮೇಲಿನಿಂದಲೇ ನೋಡಬಹುದು. ಬಾಲಿಯಲ್ಲಿ ವರ್ಷವಿಡೀ ಸಂಜೆ ಆರರಿಂದ ಏಳರೊಳಗೆ ಸೂರ್ಯ ಮುಳುಗುತ್ತಾನೆ. ನಾಲ್ಕರ ನಂತರ ಅಲ್ಲಿಗೆ ಹೋಗುವ ಪಟ್ಟಿ ಬೇಡ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ; ನೀರು ಕೆಂಪಗಿದ್ದರೆ ಇಳಿಯಲೇಬೇಡಿ, ಮೇಲೆ ಮಳೆ ಸುರಿದಿದೆ ಎಂದರ್ಥ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಸಾಂಬಲ್ ಚಟ್ನಿಯಲ್ಲಿ ಹೆಚ್ಚಾಗಿ ‘ತೆರಾಸಿ’ ಎಂಬ ಸಿಗಡಿಯ ಪೇಸ್ಟ್ ಇರುತ್ತದೆ. ಬರೇ ತರಕಾರಿ ಪಲ್ಯದಲ್ಲೂ ಇರಬಹುದು. ‘ತಾನ್ಪಾ ತೆರಾಸಿ’ ಎಂದು ಹೇಳಿ, ತೆರಾಸಿ ಹಾಕದೆ ಕೊಡಿ ಎಂದರ್ಥ.

ಏಜೆಂಟರಿಗೆ ಮುಂಗಡ ಕೊಡುವ ಮೊದಲು ವಾಟ್ಸಾಪಿನಲ್ಲಿ ಇಷ್ಟು ಬರೆಯಿಸಿಕೊಳ್ಳಿ: ಹೊರಡುವ ಗಂಟೆ, ಮೊದಲು ಪೆನೆಲೋಕನ್, ಆಮೇಲೆ ಜಲಪಾತ, ಕಾಫಿ ಅಂಗಡಿ ಕೊನೆಗೆ, ಅದೂ ನಾವು ಬೇಕೆಂದರೆ ಮಾತ್ರ. ವೀಸಾದ 5,00,000 ರುಪಿಯಾ ಮತ್ತು 2024ರಿಂದ ಶುರುವಾದ ಪ್ರವಾಸಿ ಶುಲ್ಕ 1,50,000 ರುಪಿಯಾ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನೂ ಅದರಲ್ಲೇ ಕೇಳಿ.