ಶೀಟು ಹಾರಿದ ಮೇಲೆ ಏನು ಹೊದಿಸಬೇಕು: ನಾಲ್ಕು ಹೊದಿಕೆ, ಒಂಬತ್ತು ದಿನ

ಮೊದಲೇ ಹೇಳಿಬಿಡುತ್ತೇನೆ. ಗಾಳಿಮಳೆಗೆ ಸೂರು ಕಿತ್ತುಹೋದಾಗ ತೂಕ ಹಾಕಿಸಿ ತಂದ ದಪ್ಪ ಟಾರ್ಪಾಲಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಅದಕ್ಕೆ ಮುಂಚೆ ಬೇರೆ ಮೂರನ್ನು ಹಾಕಿ ನೋಡಿ, ಒಂದು ಸ್ಟ್ಯಾಂಡಿನಷ್ಟು (ಹುಳು ಸಾಕುವ ಅಟ್ಟಣೆ) ರೇಷ್ಮೆ ಹುಳು ಕಳೆದುಕೊಂಡೆ.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಮನೆಗೆ ಅಂಟಿಕೊಂಡೇ ಹುಳುಮನೆ, ಎರಡಕ್ಕೂ ಸಿಮೆಂಟ್ ಶೀಟು. ಹೋದ ಮೇ ತಿಂಗಳಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆ) ಎದ್ದು ಎರಡು ದಿನವಾಗಿತ್ತು. ಸಂಜೆ ಆಲಿಕಲ್ಲಿನ ಜೊತೆ ಬಂದ ಗಾಳಿಗೆ ಹುಳುಮನೆಯ ಮೂರು ಶೀಟು ಹಾರಿದವು, ಎರಡು ಸೀಳಿದವು. ಆ ಹಂತದ ಹುಳುವಿಗೆ ಒದ್ದೆ ಸೊಪ್ಪೂ ಆಗದು, ತೇವದ ಗಾಳಿಯೂ ಆಗದು. ಸುತ್ತಮುತ್ತ ಎಲ್ಲರ ಮನೆಯದೂ ಅದೇ ಗತಿ, ಹಾಗಾಗಿ ಮೇಸ್ತ್ರಿ ಬಂದದ್ದು ಒಂಬತ್ತು ದಿನಕ್ಕೆ.

ಮೊದಲ ರಾತ್ರಿ ಜಾತ್ರೆಗೆ ಕಟ್ಟಿದ್ದ ಹಳೇ ಫ್ಲೆಕ್ಸ್ ಎಳೆದು ಹಾಕಿದೆವು. ಪುಕ್ಕಟೆ, ಕೈಗೆ ಸಿಗುತ್ತದೆ, ಒಂದು ರಾತ್ರಿಗೆ ಸಾಕು. ಬೆಳಗ್ಗೆ ಅಂಟಿಸಿದ ಜೋಡಣೆ ಉದ್ದಕ್ಕೂ ಬಿಟ್ಟುಕೊಂಡಿತ್ತು.

ಮಾರನೆಯ ದಿನ ಪೇಟೆಯಿಂದ ನೀಲಿ ಟಾರ್ಪಾಲು ತಂದೆ, 18 ಅಡಿಗೆ 24 ಅಡಿ. ಅಂಗಡಿಯವರು ‘200 ಜಿಎಸ್‌ಎಂ’ ಎಂದರು, ಪಟ್ಟಿಯ ಮೇಲೂ ಹಾಗೇ ಇತ್ತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಆ ಅಳತೆಯದು ಸುಮಾರು 40 ಚದರ ಮೀಟರ್, ಅಂದರೆ 8 ಕೆಜಿ ತೂಗಬೇಕು. ಎರಡನೇ ಸಂಜೆಗೇ ಹರಿದ ಮೇಲೆ ಗೂಡು ತೂಗುವ ತಕ್ಕಡಿಗೆ ಹಾಕಿದೆ: ನಾಲ್ಕು ಕೆಜಿಗೂ ಕಮ್ಮಿ. ಅಲ್ಲಿಗೆ 100 ಜಿಎಸ್‌ಎಂ ಕೂಡ ಇಲ್ಲ. ಒಂದು ಸ್ಟ್ಯಾಂಡಿನ ಹುಳು ನೆನೆದದ್ದು ಆ ಸಂಜೆಯೇ. ಅಮ್ಮ ಟಾರ್ಚ್ ಹಿಡಿದುಕೊಂಡು ಒದ್ದೆ ಸೊಪ್ಪಿನ ಮೇಲಿಂದ ಹುಳುಗಳನ್ನು ಒಂದೊಂದಾಗಿ ಎತ್ತಿ ಒಣ ಕಾಗದದ ಮೇಲೆ ಬಿಡುತ್ತಿದ್ದಳು. ಉಳಿದದ್ದು ಕಮ್ಮಿ.

ಪಕ್ಕದ ತೋಟದವರ ಕೃಷಿ ಹೊಂಡಕ್ಕೆ ಹಾಸಿ ಮಿಕ್ಕಿದ್ದ 500 ಮೈಕ್ರಾನಿನ (ಅರ್ಧ ಮಿ.ಮೀ. ದಪ್ಪ) ಕಪ್ಪು ಪ್ಲಾಸ್ಟಿಕ್ ಶೀಟು ಮೂರನೆಯದು. ಮಳೆಗೆ ಅದನ್ನು ಮೀರಿಸುವುದಿಲ್ಲ, ಒಂದು ಹನಿ ಇಳಿಯಲಿಲ್ಲ. ಆದರೆ ಬೆಳಗ್ಗೆ ಬಿಸಿಲು ಏರಿದ್ದೇ ಒಳಗೆ ಧಗೆ. ಕೊನೆ ಹಂತದ ಹುಳುವಿಗೆ 24–25 ಡಿಗ್ರಿ ಹಿತ. ಮಧ್ಯಾಹ್ನ ಒಂದು ಗಂಟೆಗೆ ನಮ್ಮ ಗೋಡೆಯ ಥರ್ಮಾಮೀಟರು 36 ತೋರಿಸಿತು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಅಂಚಿಗೆ ಬಂದವು. ನಾಲ್ಕು ಜನ ಸೇರಿ ಇಳಿಸಿದೆವು. ದನದ ಕೊಟ್ಟಿಗೆಗೂ ನಾನು ಅದನ್ನು ಹಗಲು ಬಿಡಲಾರೆ.

ಆಮೇಲೆ ತಂದದ್ದು ಅದೇ 18–24 ಅಡಿ ಅಳತೆಯ ಟಾರ್ಪಾಲು, 250 ಜಿಎಸ್‌ಎಂದು. ಅಂಗಡಿಯಲ್ಲೇ ತಕ್ಕಡಿಗೆ ಇಡಿಸಿದೆ, 10 ಕೆಜಿ ಬಂತು, 2,600 ರೂಪಾಯಿ ಕೊಟ್ಟೆ. ಆದರೂ ಮೊದಲ ರಾತ್ರಿಯೇ ಎರಡು ಮೂಲೆ ಬಿಚ್ಚಿಕೊಂಡವು. ಬಟ್ಟೆಗೆ ಏನೂ ಆಗಿರಲಿಲ್ಲ, ಅಂಚಿನ ಉಂಗುರಗಳು ಕಿತ್ತು ಬಂದಿದ್ದವು. ಗಾಳಿ ಕೆಳಗೆ ನುಗ್ಗಿ ಟಾರ್ಪಾಲನ್ನು ಮೇಲೆತ್ತಿದಾಗ ಅಷ್ಟೂ ಎಳೆತ ಹೆಬ್ಬೆಟ್ಟಿನಗಲದ ಒಂದು ಉಂಗುರದ ಮೇಲೆ ಬೀಳುತ್ತದೆ. ಬಟ್ಟೆ ಎಷ್ಟೇ ದಪ್ಪ ಇದ್ದರೂ ಉಂಗುರ ಅದೇ ತೆಳು ತಗಡು.

ಎದುರುಮನೆ ಮಾವ ನೋಡಿ, “ಉಂಗ್ರಕ್ಕೆ ಕಟ್ಟಿದ್ರೆ ಗಾಳಿ ಕೇಳ್ತದೇನಪ್ಪಾ? ಕಲ್ಲು ಕಟ್ಟು” ಅಂದರು. ನಿಂಬೆಹಣ್ಣಿನ ಗಾತ್ರದ ನುಣುಪು ಕಲ್ಲನ್ನು ಅಂಚಿನಿಂದ ಒಂದಡಿ ಒಳಗೆ, ಟಾರ್ಪಾಲಿನ ಕೆಳಗಿಟ್ಟರು. ಬಟ್ಟೆಯನ್ನು ಅದರ ಸುತ್ತ ಗಂಟಿನ ಹಾಗೆ ಮುದುಡಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದರು. ತೂತು ಇಲ್ಲ, ಎಳೆದಷ್ಟೂ ಗಂಟು ಬಿಗಿಯಾಗುತ್ತದೆ. ಹೀಗೆ ಸುತ್ತ ಹದಿನಾಲ್ಕು ಕಡೆ ಕಟ್ಟಿ, ಹಗ್ಗಗಳನ್ನು ಕಿಟಕಿಯ ಸರಳಿಗೂ ಕಲ್ಲುಕಂಬಕ್ಕೂ ಬಿಗಿದೆವು. ಮೇಲಿನಂಚು ರಿಡ್ಜ್ (ಸೂರಿನ ನೆತ್ತಿ) ದಾಟಿ ಆಚೆ ಇಳಿಜಾರಿಗೆ ಮೂರಡಿ ಹೋಗಬೇಕು, ಇಲ್ಲದಿದ್ದರೆ ನೀರು ಟಾರ್ಪಾಲಿನ ಅಡಿಗೇ ಹರಿಯುತ್ತದೆ. ಮರಳಿನ ಚೀಲ ಶೀಟಿನ ಮೇಲೆ ಇಡಲಿಲ್ಲ, ಹಗ್ಗದ ಎರಡೂ ತುದಿಗೆ ಕಟ್ಟಿ ಗೋಡೆಯ ಆಚೀಚೆ ಇಳಿಬಿಟ್ಟೆವು. ಆಮೇಲೆ ಎರಡು ಸಲ ಜೋರು ಗಾಳಿ ಬಂತು. ಚಂದ್ರಿಕೆಗೆ (ಗೂಡು ಕಟ್ಟಲು ಬಿಡುವ ತಟ್ಟೆ) ಹಾಕಿದ ಹುಳು ಒಣಗಾಳಿಯಲ್ಲೇ ಗೂಡು ಕಟ್ಟಿದವು.

ಸೀಳಿದ್ದ ಎರಡು ಶೀಟಿಗೆ ಡಾಂಬರಿನ ಅಲ್ಯೂಮಿನಿಯಂ ಟೇಪು ಸಾಕಾಯಿತು, ಒಣಗಿಸಿ ಒರೆಸಿ ಅಂಟಿಸಬೇಕು ಅಷ್ಟೇ. ಒಡೆದ ತುಂಡುಗಳನ್ನು ನೀರು ಚಿಮುಕಿಸಿಯೇ ಎತ್ತಿ. ಈ ಸಿಮೆಂಟ್ ಶೀಟಿನಲ್ಲಿರುವ ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಶೀಟಿನ ಮೇಲೆ ಕಾಲಿಡಲೇಬೇಡಿ. ಬೋಲ್ಟಿನ ಸಾಲಿಗೆ ಅಡ್ಡಲಾಗಿ ಹಲಗೆ ಹಾಕಿ, ಮೈನ್ ಸ್ವಿಚ್ ತೆಗೆದು, ಮಳೆ ನಿಂತ ಮೇಲೆ ಹತ್ತಿ. ಹೊದಿಸುವ ಮುಂಚೆ ಫೋಟೊ ತೆಗೆದಿಡಿ: ಮನೆಗೆ ಭಾಗಶಃ ಹಾನಿಯ ಪರಿಹಾರ ಕೇಳಲು ಕನಿಷ್ಠ 15% ಹಾನಿ ಕಾಣಬೇಕು.

ನಮ್ಮ ಮನೆಯಲ್ಲಿ ರಾಗಿ, ಹುಣಸೆಹಣ್ಣು ಒಣಹಾಕಲು ಹೇಗೂ ಒಂದು ಟಾರ್ಪಾಲು ಬೇಕು, ಹಾಗಾಗಿ 2,600 ನನಗೆ ಭಾರ ಅನಿಸಲಿಲ್ಲ. ಬರೀ ಸೂರಿಗೆಂದೇ ತರುವವರು ಅಳತೆ ಚಿಕ್ಕದು ಮಾಡಿಕೊಳ್ಳಿ, ತೂಕ ಕಮ್ಮಿ ಮಾಡಬೇಡಿ. ಈ ಸಲ ಹುಣಸೆ ಹರವಿದಾಗ ಅಮ್ಮ ಮೂಲೆಯ ಕಲ್ಲು ಬಿಚ್ಚಲು ಹೊರಟಳು. ಬೇಡವೆಂದೆ, ಹದಿನಾಲ್ಕೂ ಗಂಟು ಹಾಗೇ ಇವೆ.