ಹಗಲು ಚೆನ್ನಾಗಿದೆ, ರಾತ್ರಿ ಹೇಳುವ ಹಾಗಿಲ್ಲ: ಕುಂಬಳೆ ಕಡೆಯ ಒಂದು ಕೇರ್ ಹೋಮ್

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಹಗಲಿಗೆ ನಾಲ್ಕು, ರಾತ್ರಿಗೆ ಎರಡು ಅಂತ ಲೆಕ್ಕ ಹಾಕಿಕೊಳ್ಳಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ದೊಡ್ಡಮ್ಮ ಇನ್ನೂ ಅಲ್ಲೇ ಇದ್ದಾರೆ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಕುಂಬಳೆಗೂ ಬದಿಯಡ್ಕಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ, ಅಷ್ಟು ಸಾಕು.

ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದುಹೋಗಿದೆ, ಮಾತು ಅರ್ಧಂಬರ್ಧ. ಮಕ್ಕಳು ಒಬ್ಬರು ಬೆಂಗಳೂರು, ಒಬ್ಬರು ದುಬೈ. ನಮ್ಮ ಕಡೆಯ ಅರ್ಧ ಮನೆಗಳ ಕಥೆಯೇ ಇದು, ತೋಟ ಇದೆ, ಜಗಲಿ ಇದೆ, ನೋಡಿಕೊಳ್ಳಲು ಜನ ಇಲ್ಲ. ಮೊದಲು ಏಜೆನ್ಸಿಯವರು ಒಬ್ಬರು ‘ಹೋಂ ನರ್ಸ್’ ಕಳಿಸಿದ್ದರು. ಕೇರಳದಲ್ಲಿ ಹೋಂ ನರ್ಸ್ ಅಂದರೆ ಹೆಚ್ಚಾಗಿ ನರ್ಸಿಂಗ್ ಕಲಿತವರಲ್ಲ, ಮನೆಯಲ್ಲಿದ್ದು ಮೀಸಿ ಉಣಿಸುವವರು. ಆಕೆ ಒಳ್ಳೆಯವರೇ, ಆದರೆ ಓಣಂಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಈ ಕೇರ್ ಹೋಮ್.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಒಳಗೆ ಹೋದರೆ ಮೂತ್ರದ ವಾಸನೆ ಇಲ್ಲ, ಅದನ್ನು ಮುಚ್ಚಲು ಹೊಡೆದ ಫಿನಾಯಿಲಿನ ಘಾಟೂ ಇಲ್ಲ. ಎರಡನೆಯದು ನನಗೆ ಮೊದಲನೆಯದಕ್ಕಿಂತ ಮುಖ್ಯ. ಬಚ್ಚಲಲ್ಲಿ ಹಿಡಿಕೆ ಇದೆ, ಅಲುಗಾಡಿಸಿ ನೋಡಿದೆ, ಗಟ್ಟಿ ಇದೆ. ನೆಲ ಒರಟು ಟೈಲ್ಸ್. ಬಾಗಿಲಲ್ಲಿ ವೀಲ್‌ಚೇರ್ ಸಲೀಸಾಗಿ ಹೋಗುತ್ತದೆ. ಊಟ ನಮ್ಮ ಊಟ: ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ನುಂಗಲು ಕಷ್ಟ ಇರುವವರಿಗೆ ಎಲ್ಲವನ್ನೂ ನುಣ್ಣಗೆ ಅರೆದು ಕೊಡುತ್ತಾರೆ. ಉಣಿಸುವಾಗ ಮಂಚದ ತಲೆಭಾಗ ಎತ್ತಿ ಕೂರಿಸುತ್ತಾರೆ, ಉಂಡ ಮೇಲೂ ಅರ್ಧ ಗಂಟೆ ಹಾಗೇ ಬಿಡುತ್ತಾರೆ. ಸ್ಟ್ರೋಕ್ ಆದವರಿಗೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಸಾಮಾನ್ಯ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಹಗಲಿನ ನರ್ಸ್ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿದವರು. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೇಳಿದೆ, ಬೇಸರ ಮಾಡಿಕೊಳ್ಳದೆ ತೋರಿಸಿದರು.

ಈಗ ಹಿಮ್ಮಡಿ ವಿಷಯಕ್ಕೆ ಬರುತ್ತೇನೆ.

ಇಂಥ ಜಾಗ ನೋಡಲು ಹೋದವರು ಲಾಬಿ ನೋಡುತ್ತಾರೆ, ಟಿವಿ ನೋಡುತ್ತಾರೆ, ಗಾರ್ಡನ್ ಚಂದ ಇದೆ ಅನ್ನುತ್ತಾರೆ. ನಾನಾದರೆ ಹೊದಿಕೆ ಸರಿಸಿ ಹಿಮ್ಮಡಿ ನೋಡಿ ಅನ್ನುತ್ತೇನೆ. ಹಿಮ್ಮಡಿ, ಸೊಂಟದ ಹಿಂಭಾಗ, ಮೊಣಕೈ, ತಲೆಯ ಹಿಂದೆ, ಮುಖ್ಯವಾಗಿ ಇಷ್ಟು ಕಡೆ. ಕೆಂಪಗಿದ್ದರೆ ಬೆರಳಿಂದ ಒತ್ತಿ. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತಲೇ ಲೆಕ್ಕ. ಮೈಬಣ್ಣ ಕಪ್ಪಗಿದ್ದವರಲ್ಲಿ ಕೆಂಪು ಅಷ್ಟು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಸ್ವಂತ ಹೊರಳಲಾಗದವರನ್ನು ಸಾಧಾರಣವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸೇರಿ. ಖರ್ಚಿಲ್ಲದ ಕೆಲಸ, ಆದರೆ ಕೈಗಳು ಬೇಕು.

ಇಲ್ಲಿ ಮಂಚದ ತುದಿಗೆ ಒಂದು ಚಾರ್ಟ್ ನೇತು ಹಾಕಿದ್ದಾರೆ. ಎಷ್ಟು ಹೊತ್ತಿಗೆ ಯಾವ ಮಗ್ಗುಲು ಅಂತ ಬರೆಯಬೇಕು, ಕೆಳಗೆ ಸಹಿ. ನೋಡಿ ಖುಷಿಯಾಯಿತು. ಸರಿಯಾಗಿ ನೋಡಿದ ಮೇಲೆ ಅಷ್ಟು ಖುಷಿ ಉಳಿಯಲಿಲ್ಲ. ಮಧ್ಯಾಹ್ನ ಮೂರು ಗಂಟೆ ಇನ್ನೂ ಆಗಿಲ್ಲ, ನಾಲ್ಕು ಗಂಟೆಗೆ ಎಡಗಡೆ ತಿರುಗಿಸಲಾಗಿದೆ ಅಂತ ಆಗಲೇ ಬರೆದಿತ್ತು ಮಾರಾಯ್ರೆ! ಹಿಂದಿನ ರಾತ್ರಿಯದ್ದೆಲ್ಲ ಒಂದೇ ಪೆನ್ನು, ಒಂದೇ ಕೈ, ಒಂದೇ ಉಸಿರಿಗೆ ಬರೆದ ಹಾಗೆ. ದೊಡ್ಡಮ್ಮನ ಎಡ ಹಿಮ್ಮಡಿ ಚೆನ್ನಾಗಿತ್ತು, ಬಲಗಡೆಯದು ಒತ್ತಿದರೂ ಕೆಂಪು. ಬಲಗಡೆಯೇ ಅಲ್ವಾ ಅವರಿಗೆ ಅಲುಗಾಡಿಸಲಾಗದ್ದು.

ಮ್ಯಾನೇಜರ್ ಹತ್ತಿರ ಕೇಳಿದೆ. ಅಲ್ಲಗಳೆಯಲಿಲ್ಲ. ರಾತ್ರಿ ಆ ಮಹಡಿಗೆ ಒಬ್ಬರೇ ಇರುವುದು ಅಂದರು. ಹದಿನಾಲ್ಕು ಮಂಚ, ಒಬ್ಬ ಅಟೆಂಡರ್, ಕೆಳಗೆ ಒಬ್ಬ ನರ್ಸ್. ಅದರಲ್ಲಿ ಪೂರ್ತಿ ಹಾಸಿಗೆ ಹಿಡಿದವರೇ ಅರ್ಧ. ಅವರನ್ನು ಎರಡು ಗಂಟೆಗೊಮ್ಮೆ ತಿರುಗಿಸಿ, ಡೈಪರ್ ಬದಲಿಸಿ, ನಡುವೆ ಎದ್ದು ಓಡಾಡುವ ಮರೆವಿನ ಕಾಯಿಲೆಯವರನ್ನೂ ಒಬ್ಬರೇ ಹಿಡಿಯುವುದು ಆಗದ ಮಾತು. ಹಾಗಾಗಿ ಆ ಅಟೆಂಡರ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಪಾಳಿ ಹಾಕಿದವರ ಮೇಲೆ. ನೀವು ನೋಡಲು ಹೋದಾಗ ‘ನಿಮ್ಮಲ್ಲಿ ಎಷ್ಟು ಸ್ಟಾಫ್ ಇದ್ದಾರೆ’ ಅಂತ ಕೇಳಬೇಡಿ, ಅಡುಗೆಯವರು ಡ್ರೈವರ್ ಎಲ್ಲ ಸೇರಿಸಿ ಒಂದು ದೊಡ್ಡ ಲೆಕ್ಕ ಹೇಳುತ್ತಾರೆ. ಭಾನುವಾರ ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಯಾರು ಎಚ್ಚರ ಇರುತ್ತಾರೆ ಅಂತ ಕೇಳಿ.

ರಾತ್ರಿಯದ್ದೇ ಇನ್ನೊಂದು ತಾಪತ್ರಯ ಇದೆ. ದೊಡ್ಡಮ್ಮ ಮೊದಲು ಮಲಯಾಳ ಚೆನ್ನಾಗಿಯೇ ಮಾತಾಡುತ್ತಿದ್ದರು, ಪೇಟೆ ವ್ಯವಹಾರ ಎಲ್ಲ ಅದರಲ್ಲೇ. ಸ್ಟ್ರೋಕ್ ಆದ ಮೇಲೆ ಉಳಿದದ್ದು ಮನೆಮಾತು ಮಾತ್ರ, ಅದೂ ತುಂಡು ತುಂಡು. ಹಗಲಿನ ನರ್ಸ್ ನೀರ್ಚಾಲಿನವರು, ಕನ್ನಡ, ತುಳು ಎರಡೂ ಗೊತ್ತು. ರಾತ್ರಿಯವರು ಕೇರಳದ ತೆಂಕಲಿಂದ ಬಂದವರು, ಎರಡರಲ್ಲೂ ಒಂದಕ್ಷರ ಗೊತ್ತಿಲ್ಲ. ನೋವು, ಬಾಯಾರಿಕೆ, ಉಸಿರು ಕಟ್ಟುವುದು, ಇದನ್ನೆಲ್ಲ ಕತ್ತಲಲ್ಲಿ ಯಾರಿಗೆ ಹೇಳುವುದು? ಹೇಳಿ ಹೇಳಿ ಸಾಕಾಗಿ ಗದ್ದಲ ಮಾಡಿದರೆ ‘ಅಜ್ಜಿಗೆ ಹಠ ಜಾಸ್ತಿ’ ಅಂತ ರಿಪೋರ್ಟು, ಮರುದಿನ ಡಾಕ್ಟರ ಹತ್ತಿರ ನಿದ್ದೆ ಮಾತ್ರೆ ಬರೆಸುವ ಆಲೋಚನೆ. ನಿದ್ದೆ ಮಾತ್ರೆ ಕೊಟ್ಟರೆ ವಯಸ್ಸಾದವರು ಬೀಳುವುದು ಇನ್ನೂ ಜಾಸ್ತಿ. ನಾವು ಒಪ್ಪಲಿಲ್ಲ. ಬದಲಿಗೆ ಒಂದು ರಟ್ಟಿನ ಮೇಲೆ ಚಿತ್ರ ಬರೆದು ಗೋಡೆಗೆ ಅಂಟಿಸಿದೆವು: ನೀರು, ಬಚ್ಚಲು, ನೋವು, ಚಳಿ. ಎಡಗೈಯಲ್ಲಿ ತೋರಿಸುತ್ತಾರೆ. ಅಟೆಂಡರ್ ತಾನೇ ಖುಷಿಯಲ್ಲಿ ಇನ್ನೆರಡು ಚಿತ್ರ ಸೇರಿಸಿದ್ದಾರೆ. ಒಪ್ಪಂದದ ಕಾಗದ ಮಾತ್ರ ಇಂಗ್ಲಿಷಿನಲ್ಲೇ, ಕನ್ನಡದಲ್ಲಿ ಕೊಡಿ ಅಂದದ್ದಕ್ಕೆ ನಕ್ಕರು. ಕಾಸರಗೋಡಿನಲ್ಲಿ ಇದೆಲ್ಲ ಹೊಸತಲ್ಲ ಬಿಡಿ.

ಔಷಧದ ವಿಷಯದಲ್ಲಿ ತಿದ್ದಿಕೊಂಡರು, ಅದನ್ನೂ ಹೇಳಬೇಕು. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಜಜ್ಜಿ ಗಂಜಿಗೆ ಬೆರೆಸುತ್ತಿದ್ದರು. ಅದರಲ್ಲಿ ಬಿಪಿಯದೊಂದು ನಿಧಾನವಾಗಿ ಕರಗುವ ಜಾತಿಯದ್ದು. ಅಂಥದ್ದನ್ನು ಪುಡಿ ಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ಮೈಗೆ ಹೋಗುತ್ತದೆ. ಹೇಳಿದ ಮೇಲೆ ಡಾಕ್ಟರ ಹತ್ತಿರ ಕೇಳಿ ಬೇರೆ ಬರೆಸಿದರು. ಇನ್ಸುಲಿನ್ ಅಡುಗೆಮನೆಯ ಫ್ರಿಜ್ಜಿನ ಬಾಗಿಲಲ್ಲಿ ಮೊಸರಿನ ಪಕ್ಕ ಇತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಅಡುಗೆಯವರು ನಿಮಿಷಕ್ಕೊಮ್ಮೆ ಬಾಗಿಲು ತೆಗೆದರೆ ಎಲ್ಲಿಂದ ಇರುತ್ತದೆ? ಈಗ ಅದಕ್ಕೇ ಅಂತ ಒಂದು ಸಣ್ಣ ಫ್ರಿಜ್ ಬಂದಿದೆ, ಒಳಗೆ ಥರ್ಮಾಮೀಟರ್ ಕೂಡ ಇದೆ.

ಕರೆಂಟಿನದ್ದು ಇನ್ನೂ ಸರಿಯಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ತೆಂಗಿನ ಮಡಲು ಒಂದು ಬಿದ್ದರೂ ಸಾಕು, ಕರೆಂಟ್ ಹೋದದ್ದು ಬರುವುದು ಮರುದಿನ. ಬೆಡ್ ಸೋರ್ ಆಗದ ಹಾಗೆ ಹಾಕುವ ಏರ್ ಬೆಡ್ ಇದೆಯಲ್ಲ, ಅದರ ಪಂಪ್ ಓಡುವುದು ಕರೆಂಟಿನಲ್ಲಿ. ಪಂಪ್ ನಿಂತರೆ ಗಾಳಿ ಮೆಲ್ಲ ಮೆಲ್ಲ ಇಳಿದು ರೋಗಿ ಮಂಚದ ಹಲಗೆಗೇ ತಾಗುತ್ತಾರೆ. ಗಾಳಿಯಿಂದ ಆಮ್ಲಜನಕ ತೆಗೆದು ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರೂ ಅಷ್ಟೇ. ಇಲ್ಲಿ ಇರುವುದು ಬರೀ ಇನ್ವರ್ಟರ್, ಅದರಲ್ಲಿ ಲೈಟು ಫ್ಯಾನು ಮಾತ್ರ. ಜನರೇಟರ್ ‘ಬರುತ್ತದೆ’ ಅನ್ನುತ್ತಿದ್ದಾರೆ.

ತುರ್ತು ಬಂದರೆ ಎಲ್ಲಿಗೆ ಒಯ್ಯುತ್ತೀರಿ, ಯಾವ ಗಾಡಿಯಲ್ಲಿ, ಯಾರು ಜೊತೆಗೆ ಅಂತ ಮೊದಲೇ ಬರೆಸಿಕೊಳ್ಳಿ. ಏನೇ ಹೇಳಿ, ದೊಡ್ಡದಾಗಿ ಏನಾದರೂ ಆದರೆ ನಾವು ಓಡುವುದು ಮಂಗಳೂರಿಗೇ. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹೆದ್ದಾರಿಯ ಬ್ಲಾಕು ದಾಟಿ ಕರ್ನಾಟಕದ ಗಡಿಯ ತಲಪಾಡಿ ಮುಟ್ಟುವುದರಲ್ಲೇ ಅದರ ಒಂದು ಪಾಲು ಹೋಗುತ್ತದೆ. 2020ರಲ್ಲಿ ಕೊರೊನಾ ಅಂತ ಅದೇ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರು ಮುಟ್ಟಲಾಗದೆ ನಮ್ಮ ಕಡೆಯ ರೋಗಿಗಳು ತೀರಿಹೋದದ್ದು ಯಾರಿಗೂ ಮರೆತಿಲ್ಲ. ಇವರ ಹತ್ತಿರ ಸ್ವಂತ ಆಂಬುಲೆನ್ಸ್ ಇದೆ, ಡ್ರೈವರ್ ಅಲ್ಲೇ ಮಲಗುತ್ತಾನೆ. ಇದಕ್ಕೆ ಪೂರ್ತಿ ಮಾರ್ಕು.

ಕಾಗದಪತ್ರ: ಧರ್ಮಾರ್ಥ ವೃದ್ಧಾಶ್ರಮ ಆದರೆ ಕೇರಳದಲ್ಲಿ ಆರ್ಫನೇಜ್ ಕಂಟ್ರೋಲ್ ಬೋರ್ಡಿನ ಮಾನ್ಯತೆ ಕೇಳಿ. ಚಿಕಿತ್ಸೆಯನ್ನೂ ಕೊಡುತ್ತೇವೆ ಅನ್ನುವವರಾದರೆ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾನೂನಿನ ನೋಂದಣಿ ಕೇಳಿ, ದರಪಟ್ಟಿಯನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ದೂರು ಕೊಡಲು, ಸಲಹೆ ಕೇಳಲು ಹಿರಿಯರ ಸಹಾಯವಾಣಿ 14567 ಇದೆ. ಇಲ್ಲಿ ದರ ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು. ಡೈಪರ್, ಔಷಧ, ಫಿಸಿಯೋಥೆರಪಿ ಬೇರೆ. ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ಹಳೆಯ ಬಿಲ್ ಒಂದನ್ನು ತೋರಿಸಲು ಹೇಳಿ, ಮುಂಗಡ ವಾಪಸ್ ಯಾವಾಗ ಅನ್ನುವುದನ್ನೂ ಬರೆಸಿ.

ಮನೆಯಲ್ಲಿ ಒಬ್ಬರಾದರೂ ಇದ್ದರೆ ಕೇರ್ ಹೋಮಿಗಿಂತ ಮೊದಲು ಪಂಚಾಯತಿನ ಪಾಲಿಯೇಟಿವ್ ನರ್ಸನ್ನು, ಅಂದರೆ ಹಾಸಿಗೆ ಹಿಡಿದವರ ನೋವು ನರಳಾಟ ಕಡಿಮೆ ಮಾಡಲು ಆರೈಕೆ ಮಾಡುವವರನ್ನು, ವಿಚಾರಿಸಿ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿದ ರಾಜ್ಯ. ಮನೆಗೇ ಬಂದು ಕ್ಯಾಥೆಟರ್ ಬದಲಿಸುತ್ತಾರೆ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ದುಡ್ಡಿಲ್ಲ. ನಮ್ಮ ಮನೆಗೆ ಬರುತ್ತಿದ್ದವರು ಹೇಳಿಕೊಟ್ಟದ್ದೇ ಈ ಹಿಮ್ಮಡಿ ಒತ್ತುವ ಉಪಾಯ.

ದೊಡ್ಡಮ್ಮನನ್ನು ಸದ್ಯಕ್ಕೆ ಅಲ್ಲಿಂದ ತೆಗೆಯುವುದಿಲ್ಲ. ಹಿಮ್ಮಡಿಯ ಕೆಂಪು ಇಳಿದಿದೆ, ಕಾಲಡಿಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಇಡುತ್ತಿದ್ದಾರೆ. ರಾತ್ರಿಗೆ ಎರಡನೆಯವರನ್ನು ಹಾಕುತ್ತೇವೆ ಅಂದಿದ್ದಾರೆ, ಹಾಕಿದ್ದು ಇನ್ನೂ ಕಂಡಿಲ್ಲ. ಹೊತ್ತಲ್ಲದ ಹೊತ್ತಿಗೆ ಹೋದರೂ ಗೇಟಲ್ಲಿ ತಡೆಯುವುದಿಲ್ಲ, ಅದೊಂದು ಸಮಾಧಾನ. ಮಂಜೇಶ್ವರ, ಉಪ್ಪಳ ಕಡೆ ರಾತ್ರಿ ಪಾಳಿಯಲ್ಲೂ ಕನ್ನಡವೋ ತುಳುವೋ ಬರುವ ನರ್ಸ್ ಇರುವ ಜಾಗ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಜನರೇಟರ್ ಇದೆಯಾ ಅಂತಲೂ ಕೇಳಿಕೊಂಡು.