ಸ್ಲೈಡ್ ಟಾರ್ಚಿಗಿಂತ ಸೌಟಿನ ನೆರಳೇ ವಾಸಿ

ಗಾಂಧಿ ಬಜಾರಿನ ಒಂದು ಆಟಿಕೆ ಅಂಗಡಿಯಲ್ಲಿ 249 ರೂಪಾಯಿ ಕೊಟ್ಟು ಮೊಮ್ಮಗನಿಗೆ ಸ್ಲೈಡ್ ಟಾರ್ಚ್ ತಂದೆ. ಅವನಿಗೆ ಎರಡು ವರ್ಷ ಮೂರು ತಿಂಗಳು. ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಹಗಲೆಲ್ಲ ನನ್ನ ಜೊತೆಗೇ. ಹೇಗಾದರೂ ಮೊಬೈಲ್ ಬಿಡಿಸಬೇಕಿತ್ತು.

ಡಬ್ಬದಲ್ಲಿ ಒಂದು ಪುಟ್ಟ ಟಾರ್ಚ್, ಮೂರು ಬಿಲ್ಲೆ. ಒಂದೊಂದರಲ್ಲಿ ಎಂಟು ಚಿತ್ರ. ಮೂತಿಗೆ ಸಿಕ್ಕಿಸಿ ಗೋಡೆಗೆ ಬಿಟ್ಟರೆ ಡೈನೋಸಾರ್, ರಾಕೆಟ್, ಮೀನು. ಸ್ವಲ್ಪ ಹಿಂದೆ ಸರಿದರೆ ಎಲ್ಲ ಮಸುಕು. ನಮ್ಮವನು ಡೈನೋಸಾರಿಗೂ ‘ಬೌಬೌ’ ಅಂದ, ಮೀನಿಗೂ ‘ಬೌಬೌ’ ಅಂದ. ಮೂರನೇ ದಿನ ಬಿಲ್ಲೆ ಕಚ್ಚುತ್ತಾ ಕೂತಿದ್ದ.

ಅದಕ್ಕಿಂತ ಭಯ ಆಗಿದ್ದು ಬ್ಯಾಟರಿ ನೋಡಿ. ಒಳಗೆ ಗುಂಡಿಯಂಥ ಮೂರು ಸೆಲ್. ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರಲ್ಲೇ ತೆಗೆಯಬಹುದು. ಇಂಥ ಸೆಲ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಡಬ್ಬದ ಮೇಲೆ ‘ಮೂರು ವರ್ಷ ಮೇಲ್ಪಟ್ಟವರಿಗೆ’ ಅಂತ ಸಣ್ಣಕ್ಷರದಲ್ಲಿತ್ತು. ನಾನು ಕನ್ನಡಕ ಮರೆತು ಹೋಗಿದ್ದೆ, ಅಂಗಡಿಯವರೂ ಹೇಳಲಿಲ್ಲ. ಈಗ ಮುಚ್ಚಳಕ್ಕೆ ಮೂರು ಸುತ್ತು ಟೇಪ್ ಹಾಕಿ, ಟಾರ್ಚನ್ನು ನನ್ನ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ.

ಹಾಗಂತ ದುಡ್ಡು ಪೂರ್ತಿ ದಂಡ ಆಗಲಿಲ್ಲ. ಒಂದು ಸಂಜೆ ಕರೆಂಟ್ ಹೋಯಿತು. ಗಾಜಿನ ಮೂತಿ ಕಳಚಿ, ಬರೀ ಟಾರ್ಚನ್ನು ಸ್ಟೂಲ್ ಮೇಲಿಟ್ಟೆ. ಅಡುಗೆಮನೆಯಿಂದ ಸೌಟು ಹಿಡಿದು ಬಂದವನು ಗೋಡೆ ನೋಡಿ ನಿಂತುಬಿಟ್ಟ. ‘ಅಜ್ಜಿ, ಕಪ್ಪು ಪಾಪು!’ ಟಾರ್ಚ್ ಹತ್ತಿರ ಬಂದರೆ ಪಾಪು ದೊಡ್ಡದು, ಗೋಡೆ ಹತ್ತಿರ ಹೋದರೆ ಚಿಕ್ಕದು. ಓಡಿದ್ದೇ ಓಡಿದ್ದು. ‘ದೊಡ್ಡ’, ‘ಚಿಕ್ಕ’ ಎರಡೂ ಮಾತು ಅವತ್ತೇ ಬಾಯಿಗೆ ಬಂತು. ಒಂದೇ ಪುಟ್ಟ ಬಲ್ಬ್ ಇರುವುದಕ್ಕೆ ನೆರಳಿನ ಅಂಚು ಅಷ್ಟು ಚೂಪು. ಟ್ಯೂಬ್‌ಲೈಟಿನಲ್ಲಿ ಇದೇ ಆಟ ಆಡಿಸಿ ನೋಡಿ, ಕಲಸಿದ ಹಾಗೆ ಕಾಣುತ್ತೆ.

ಆಮೇಲೆ ಜರಡಿ ಬಂತು, ಚಕ್ಕುಲಿ ಒರಳಿನ ಬಿಲ್ಲೆ ಬಂತು. ನನ್ನ ಹಸಿರು ಗಾಜಿನ ಬಳೆ ಹಿಡಿದರೆ ನೆರಳೂ ಹಸಿರು! ನಮ್ಮ ತೊಗಲು ಗೊಂಬೆಯ ಗುಟ್ಟೂ ಇದೇ ಅಲ್ವಾ? ಚರ್ಮವನ್ನು ಬೆಳಕು ತೂರುವಷ್ಟು ತೆಳು ಮಾಡಿ ಬಣ್ಣ ಹಾಕುತ್ತಾರೆ, ಪರದೆ ಮೇಲೆ ಬಣ್ಣವೇ ಕುಣಿಯುತ್ತೆ.

ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ. ಅದೂ ಬಲ್ಬಿಗೆ, ಚಿತ್ರಕ್ಕಲ್ಲ. ದೊಡ್ಡ ಸೆಲ್ ಹಾಕುವ, ಒಂದೇ ಬಲ್ಬಿನ ಸಾದಾ ಟಾರ್ಚ್ ಮನೆಯಲ್ಲಿದ್ದರೆ ಇದು ಬೇಡವೇ ಬೇಡ. ಯಾವುದಾದರೂ ಸರಿ, ಮಗುವಿನ ಕಣ್ಣಿಗೆ ಮಾತ್ರ ಬಿಡಬೇಡಿ.

ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಹನ್ನೆರಡೂ ಕಾಲರ ಹೊತ್ತಿಗೆ ಟೋಪಿ ಹಾಕಿ ಮೊಮ್ಮಗನನ್ನು ತಾರಸಿಗೆ ಕರೆದುಕೊಂಡು ಹೋದೆ. ಕಾಫಿಪುಡಿಯ ಸ್ಟೀಲ್ ಡಬ್ಬಿ ನಿಲ್ಲಿಸಿದೆವು. ಸುತ್ತ ಎಲ್ಲೂ ನೆರಳಿಲ್ಲ. ‘ಕಪ್ಪು ಪಾಪು ಎಲ್ಲೋ?’ ಅಂದೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಡಬ್ಬಿ ಎತ್ತಿ ಕೆಳಗೆ ಬಗ್ಗಿದ. ಅಲ್ಲೇ ಇತ್ತು.